ಕರೆಂಟು ಹೋದರೂ ಕೈಬಿಡದ ಕಂಪ್ಯೂಟರ್ ಯಾವುದು?

ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ದಿನಗಳು ಯಲಬುರ್ಗಾದಂಥ ತಾಲ್ಲೂಕು ಕೇಂದ್ರದಲ್ಲಿ ಹೇಗಿರುತ್ತವೆ ಎಂಬುದನ್ನು ಮಕ್ಕಳನ್ನು ಓದಿಸುತ್ತಿರುವ ಪಾಲಕರಿಗೆ ಹೇಳಬೇಕಾಗಿಲ್ಲ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದು, ಜಾತಿ ಆದಾಯದ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಯ ಮುಂದೆ ಪಾಳಿ ಹಚ್ಚಿರುತ್ತಾರೆ. ಪಾಳಿ ಬಂತು, ಹೆಸರು ತುಂಬಿತು, ಅಂಕಗಳು ತುಂಬಿದವು, ಫೋಟೋ ಕೂಡ ಏರಿತು. ಅಷ್ಟರಲ್ಲಿ ಫ್ಯಾನು ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ.

“ಏನಾತು ತಮ್ಮಾ?”

“ಕರೆಂಟ್ ಹೋತ್ರೀ ಕಾಕಾ.”

“ಬರೆದಿದ್ದೆಲ್ಲಾ ಹೋತೇನಪಾ?”

“ಬಂದಮ್ಯಾಲೆ ನೋಡಬೇಕ್ರೀ. ಒಮ್ಮೊಮ್ಮೆ ಇರ್ತೈತಿ, ಒಮ್ಮೊಮ್ಮೆ ಇರಂಗಿಲ್ಲ.”

ಕಂಪ್ಯೂಟರಿನ ವಿಶ್ವಾಸಾರ್ಹತೆಯ ಬಗ್ಗೆ ಬರೆದ ಪುಸ್ತಕಗಳ ಸಾರವೆಲ್ಲ ಆ ಹುಡುಗನ ಕೊನೆಯ ಮಾತಿನಲ್ಲಿದೆ. ಇರುತ್ತದೋ ಇಲ್ಲವೋ ಎಂಬುದು ಅದೃಷ್ಟದ ಮಾತಲ್ಲ. ಯಂತ್ರದೊಳಗೆ ಕುಳಿತ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್ ಎಂಥದು, ಅದನ್ನು ನಾವು ಹೇಗೆ ನೋಡಿಕೊಂಡಿದ್ದೇವೆ ಎಂಬುದರ ಮೇಲೆ ಅದು ನಿಂತಿದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕೆಂದಿರುವ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ವಿಂಡೋಸ್ ಒಳ್ಳೆಯದೋ, ಲಿನಕ್ಸ್ ಒಳ್ಳೆಯದೋ, ಆಪಲ್ ಕಂಪನಿಯ ಮ್ಯಾಕ್ ಒಳ್ಳೆಯದೋ?

ಮನೆಯ ಹಿರಿಯ

ಕಂಪ್ಯೂಟರನ್ನು ಒಂದು ಕೂಡುಕುಟುಂಬ ಎಂದುಕೊಳ್ಳಿ. ಟೈಪಿಂಗಿನ ತಂತ್ರಾಂಶ, ಅಂತರ್ಜಾಲ ತೋರಿಸುವ ಬ್ರೌಸರ್, ಹಾಡು, ಆಟ ಇವೆಲ್ಲ ಮನೆಮಂದಿ. ಎಲ್ಲರಿಗೂ ಒಲೆ ಒಂದೇ, ಅದು ಪ್ರೊಸೆಸರ್. ಅಡುಗೆಮನೆಯ ಕಟ್ಟೆ ಒಂದೇ, ಅದು ಮೆಮೊರಿ. ಕಾಳು ತುಂಬಿಡುವ ಹಗೇವು ಒಂದೇ, ಅದು ಡಿಸ್ಕು. ಯಾರು ಯಾವಾಗ ಒಲೆ ಹಚ್ಚಬೇಕು, ಯಾರಿಗೆ ಎಷ್ಟು ಜಾಗ, ಹಗೇವಿನಿಂದ ತೆಗೆದದ್ದೆಷ್ಟು, ಹಾಕಿದ್ದೆಷ್ಟು ಎಂದು ನೋಡಿಕೊಳ್ಳುವ ಹಿರಿಯನೇ ಕಾರ್ಯಾಚರಣ ವ್ಯವಸ್ಥೆ. ಹಿರಿಯ ಗಟ್ಟಿಯಿದ್ದರೆ ಒಬ್ಬ ಕಿರಿಯ ತಪ್ಪು ಮಾಡಿದರೂ ಮನೆ ನಡೆಯುತ್ತದೆ. ಹಿರಿಯನೇ ಕುಸಿದರೆ ಎಲ್ಲರಿಗೂ ಉಪವಾಸ.

1990ರ ದಶಕದ ಮನೆಗಳಲ್ಲಿ ಒಳಗೋಡೆಗಳು ದುರ್ಬಲವಾಗಿದ್ದವು. ಹಳೆಯ ಡಾಸ್ ಬುನಾದಿಯ ಮೇಲೆ ಎದ್ದಿದ್ದ ವಿಂಡೋಸ್ 95 ಮತ್ತು 98ರಲ್ಲಿ ಒಂದು ತಂತ್ರಾಂಶ ಇನ್ನೊಂದರ ಜಾಗಕ್ಕೆ, ಕೆಲವೊಮ್ಮೆ ಹಿರಿಯನ ಕೋಣೆಗೇ ಕೈಹಾಕಬಹುದಿತ್ತು. ಫಲವೇ ಆ ಕಾಲದವರೆಲ್ಲ ಬಲ್ಲ ನೀಲಿ ಪರದೆ. 1998ರ ಏಪ್ರಿಲ್ 20ರಂದು ಅಮೆರಿಕದ ಷಿಕಾಗೋದಲ್ಲಿ ವಿಂಡೋಸ್ 98 ಎಷ್ಟು ಸಲೀಸು ಎಂದು ಪ್ರದರ್ಶಿಸುತ್ತಿದ್ದಾಗ, ಸ್ಕ್ಯಾನರ್ ಜೋಡಿಸುತ್ತಿದ್ದಂತೆಯೇ ಬಿಲ್ ಗೇಟ್ಸ್ ಅವರ ಎದುರಿಗೇ ನೀಲಿ ಪರದೆ ಮೂಡಿತು. ಸಭೆ ನಕ್ಕಿತು, ಗೇಟ್ಸ್ ಕೂಡ ನಕ್ಕರು. ಆಗಿನ ಮ್ಯಾಕ್ ಏನೂ ಮೇಲಾಗಿರಲಿಲ್ಲ. ಅದು ಕುಸಿದಾಗ ಪರದೆಯ ಮೇಲೆ ಬಾಂಬಿನ ಚಿತ್ರ ಬರುತ್ತಿತ್ತು!

ಇನ್ನೊಂದು ಸ್ವಾರಸ್ಯವಿದೆ, ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ವಿಂಡೋಸ್ 95 ಮತ್ತು 98, ಯಂತ್ರ ಶುರುವಾದಾಗಿನಿಂದ ಕಳೆದ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿದ್ದವು. ಎಣಿಕೆಗೆ ಇದ್ದದ್ದು 32 ಬಿಟ್‌ಗಳ ಜಾಗ. ಅಂದರೆ 429 ಕೋಟಿಗೆ ತುಸು ಹೆಚ್ಚು. ಅದನ್ನು ದಿನಕ್ಕೆ ಪರಿವರ್ತಿಸಿದರೆ 49.7 ದಿನ. ಅಷ್ಟು ದಿನ ಬಿಡುವಿಲ್ಲದೆ ನಡೆದ ಯಂತ್ರ ಎಣಿಕೆ ತುಂಬಿ ಸ್ತಬ್ಧವಾಗುತ್ತಿತ್ತು. ತಮಾಷೆಯೆಂದರೆ ಈ ದೋಷ ವರ್ಷಗಟ್ಟಲೆ ಬಯಲಿಗೆ ಬರಲಿಲ್ಲ. ಅಷ್ಟು ದಿನ ಕುಸಿಯದೆ ನಡೆಯುವ ಯಂತ್ರಗಳೇ ಅಪರೂಪವಾಗಿದ್ದವು.

ಗೋಡೆ ಎದ್ದ ಮೇಲೆ

ಗಟ್ಟಿ ಗೋಡೆಯ ಮನೆಗಳು ಮೊದಲಿನಿಂದಲೂ ಇದ್ದವು, ಆದರೆ ದೊಡ್ಡವರ ಕೇರಿಯಲ್ಲಿ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಅಂಥ ಮನೆತನ. ಅದೇ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದ. ಮೈಕ್ರೋಸಾಫ್ಟ್ ಕಚೇರಿಗಳಿಗೆಂದು 1993ರಲ್ಲಿ ವಿಂಡೋಸ್ ಎನ್‌ಟಿ ತಂದಿತ್ತು. ಮನೆಬಳಕೆಯ ಯಂತ್ರಕ್ಕೂ ಅದೇ ಬುನಾದಿ ಬಂದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ರೂಪದಲ್ಲಿ. ಅದೇ ವರ್ಷ ಆಪಲ್ ಕೂಡ ಯುನಿಕ್ಸ್ ಬುನಾದಿಯ ಮ್ಯಾಕ್ ಓಎಸ್ ಟೆನ್ ಹೊರತಂದಿತು. ಅಲ್ಲಿಂದ ಮೂರೂ ಮನೆಗಳಲ್ಲಿ ಗೋಡೆಗಳು ಭದ್ರವಾದವು. ಒಂದು ತಂತ್ರಾಂಶ ಸತ್ತರೆ ಅದೊಂದೇ ಸಾಯುತ್ತದೆ.

ಆದರೂ ಕುಸಿತ ನಿಲ್ಲಲಿಲ್ಲ. ಏಕೆ? ಪ್ರಿಂಟರ್, ಪರದೆ, ವೈಫೈ ಮುಂತಾದ ಉಪಕರಣಗಳನ್ನು ನಡೆಸುವ ಚಾಲಕ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ಬಹಳಷ್ಟು ಹಿರಿಯನ ಕೋಣೆಯಲ್ಲೇ ಕುಳಿತು ಕೆಲಸ ಮಾಡುತ್ತವೆ. ಅವನ್ನು ಬರೆಯುವವರು ಉಪಕರಣ ತಯಾರಿಸುವ ಬೇರೆ ಬೇರೆ ಕಂಪನಿಯವರು. ವಿಂಡೋಸ್ ಎಕ್ಸ್‌ಪಿಯ ಕುಸಿತಗಳಲ್ಲಿ ಶೇ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣ ಎಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2003ರ ಪ್ರಬಂಧವೊಂದರಲ್ಲಿ ದಾಖಲಿಸಿದ್ದರು. ಮ್ಯಾಕ್ ಹೆಚ್ಚು ಸ್ಥಿರವೆಂಬ ಹೆಸರಿನ ಗುಟ್ಟೂ ಇಲ್ಲೇ ಇದೆ. ಅಲ್ಲಿ ಯಂತ್ರ, ವ್ಯವಸ್ಥೆ ಎರಡನ್ನೂ ಮಾಡುವವರು ಒಬ್ಬರೇ. ವಿಂಡೋಸ್ ಸಾವಿರಾರು ಬಗೆಯ ಯಂತ್ರಗಳ ಜೊತೆ ಸಂಸಾರ ಮಾಡಬೇಕು.

ಅಡತಿ ಅಂಗಡಿಯ ಕಿರ್ದಿ

ಇನ್ನು ಕರೆಂಟಿನ ವಿಷಯ. ನಮ್ಮ ಭಾಗದ ಮಟ್ಟಿಗೆ ನೀಲಿ ಪರದೆಗಿಂತ ದೊಡ್ಡ ಪರೀಕ್ಷೆ ಇದು.

ಡಿಸ್ಕಿನಲ್ಲಿ ಒಂದು ಕಡತ ಉಳಿಸುವುದೆಂದರೆ ಒಂದೇ ಕೆಲಸವಲ್ಲ. ಖಾಲಿ ಜಾಗ ಹುಡುಕಬೇಕು, ಅಲ್ಲಿ ಬರೆಯಬೇಕು, ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ತಿದ್ದಬೇಕು. ನಡುವೆ ಕರೆಂಟು ಹೋದರೆ ಮಾಲು ಒಂದು ಕಡೆ, ಲೆಕ್ಕ ಒಂದು ಕಡೆ. ವಿಂಡೋಸ್ 98 ಬಳಸಿದವರಿಗೆ ನೆನಪಿರಬಹುದು. ಕರೆಂಟು ಬಂದ ಮೇಲೆ ಯಂತ್ರ ಮೊದಲು ಡಿಸ್ಕನ್ನೆಲ್ಲ ತಡಕಾಡಿ ಪರೀಕ್ಷೆ ನಡೆಸುತ್ತಿತ್ತು. ಕೊನೆಗೆ ಕೆಲವು ಕಡತಗಳು ಚೂರುಚೂರಾಗಿ ಸಿಗುತ್ತಿದ್ದವು.

ಜಾಣ ಅಡತಿ ವ್ಯಾಪಾರಿ ಹೀಗೆ ಮಾಡುವುದಿಲ್ಲ. ಚೀಲ ಎತ್ತಿಸುವ ಮೊದಲೇ “ಇಂಥವರ ಇಷ್ಟು ಚೀಲ ಇಲ್ಲಿಂದ ಅಲ್ಲಿಗೆ” ಎಂದು ಕಿರ್ದಿಯಲ್ಲಿ ಬರೆದಿಡುತ್ತಾನೆ. ನಡುವೆ ಮಳೆ ಬಂದು ಕೆಲಸ ನಿಂತರೂ ಕಿರ್ದಿ ನೋಡಿ ಮುಂದುವರಿಸಬಹುದು. ಕಂಪ್ಯೂಟರ್ ಭಾಷೆಯಲ್ಲಿ ಇದೇ ಜರ್ನಲಿಂಗ್. ಎನ್‌ಟಿ ಮನೆತನದ ವಿಂಡೋಸ್‌ನಲ್ಲಿ ಇದು ಮೊದಲಿನಿಂದ ಇತ್ತು. ಎಕ್ಸ್‌ಪಿಯಿಂದ ಸಾಮಾನ್ಯರ ಯಂತ್ರಕ್ಕೂ ಬಂತು. ಲಿನಕ್ಸ್‌ಗೆ ಇಎಕ್ಸ್‌ಟಿ3 ಎಂಬ ಕಡತ ವ್ಯವಸ್ಥೆಯ ಮೂಲಕ 2001ರಲ್ಲಿ, ಮ್ಯಾಕ್‌ಗೆ 2002ರಲ್ಲಿ ಬಂತು. ಹಾಗಾಗಿ ಈ ವಿಷಯದಲ್ಲಿ ಮೂವರೂ ಇಂದು ಹೆಚ್ಚುಕಡಿಮೆ ಸಮಾನರು.

ಎರಡು ಮಾತು ಮಾತ್ರ ಮರೆಯಬಾರದು. ಕಿರ್ದಿ ಕಾಯುವುದು ಡಿಸ್ಕಿನ ಲೆಕ್ಕವನ್ನು. ನೀವು ಟೈಪ್ ಮಾಡಿಯೂ ಉಳಿಸದ ಪುಟವನ್ನಲ್ಲ. ಎರಡನೆಯದು, ಅನೇಕ ಪೆನ್‌ಡ್ರೈವ್‌ಗಳು ಈಗಲೂ ಕಿರ್ದಿಯಿಲ್ಲದ ಹಳೆಯ ಪದ್ಧತಿಯಲ್ಲೇ ಇರುತ್ತವೆ. ಬರೆಯುವಾಗ ಕಿತ್ತುಕೊಂಡರೆ ಪ್ರಾಜೆಕ್ಟ್ ವರದಿ ಹೋದಂತೆಯೇ.

ಪಹಣಿಯ ಪಾಠ

ಕಂಪ್ಯೂಟರ್ ಕೈಕೊಟ್ಟರೆ ಏನಾಗುತ್ತದೆ ಎಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಯಲಬುರ್ಗಾ ಸೇರಿದಂತೆ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಗಣಕೀಕರಣ ಮುಗಿದ ಕಡೆಯಲ್ಲೆಲ್ಲ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಿದ್ದುವವರ ಕಾಟ ಇದರಿಂದ ತಪ್ಪಿತು, ನಿಜ. ಜೊತೆಗೆ ಯಂತ್ರ ನಡೆಯದ ದಿನ ಬೇರೆ ದಾರಿಯೂ ಇಲ್ಲವಾಯಿತು.

ಇಂದು “ಸರ್ವರ್ ಡೌನ್” ಎಂಬ ಮಾತು ನಮ್ಮೂರುಗಳಲ್ಲಿ ಕನ್ನಡವೇ ಆಗಿಬಿಟ್ಟಿದೆ. ಆದರೆ ಇದರಲ್ಲಿ ಮೂರು ಬೇರೆ ಬೇರೆ ರೋಗಗಳಿವೆ. ಎದುರಿನ ಯಂತ್ರವೇ ಕೆಟ್ಟಿರಬಹುದು, ನಡುವಿನ ಅಂತರ್ಜಾಲ ಸಂಪರ್ಕ ತುಂಡಾಗಿರಬಹುದು, ಅಥವಾ ದೂರದ ಊರಿನ ಸರ್ವರ್ ಮೇಲೆ ಭಾರ ಹೆಚ್ಚಾಗಿರಬಹುದು. ಬೇರೆ ಜಾಲತಾಣಗಳು ತೆರೆದು ಇದೊಂದೇ ತೆರೆಯದಿದ್ದರೆ ದೋಷ ಹೆಚ್ಚಾಗಿ ಆ ಕಡೆಯದು. ಯಾವ ತಾಣವೂ ತೆರೆಯದಿದ್ದರೆ ನಡುವಿನ ಸಂಪರ್ಕದ್ದು. ಮೌಸ್ ಕೂಡ ಅಲುಗದಿದ್ದರೆ ಎದುರಿನ ಯಂತ್ರದ್ದು. ಇಷ್ಟು ತಿಳಿದ ವಿದ್ಯಾರ್ಥಿ ವಿನಾಕಾರಣ ಕಂಪ್ಯೂಟರನ್ನು ಬೈಯುವುದಿಲ್ಲ. ಕೊನೆಯ ದಿನದ ಭಾರವನ್ನು ಯಾವ ಕಾರ್ಯಾಚರಣ ವ್ಯವಸ್ಥೆಯೂ ಇಳಿಸಲಾರದು ಎಂಬುದೂ ಅವನಿಗೆ ತಿಳಿಯುತ್ತದೆ.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ

ಲಿನಕ್ಸ್ ಏನಿದ್ದರೂ ಇಂಜಿನಿಯರುಗಳಿಗೆ, ನಮ್ಮ ಮಕ್ಕಳಿಗಲ್ಲ ಎಂಬ ಮಾತಿದೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಹೋದರೆ ಈ ಮಾತು ಸುಳ್ಳಾಗುತ್ತದೆ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೊರಳಿತು. 2017ರಲ್ಲಿ ಆ ಯೋಜನೆಯೇ ‘ಕೈಟ್’ ಎಂಬ ಸಂಸ್ಥೆಯಾಯಿತು. ಅದು ಉಬುಂಟು ಎಂಬ ಲಿನಕ್ಸ್ ಬಗೆಯನ್ನು ಶಾಲೆಗಳಿಗೆ ತಕ್ಕಂತೆ ಹೊಂದಿಸಿ ಹಂಚುತ್ತದೆ. 2018ರಲ್ಲಿ ರಾಜ್ಯದ 45,000 ತರಗತಿಗಳನ್ನು ಹೈಟೆಕ್ ಮಾಡುವ ಯೋಜನೆಗೂ ಇದೇ ವ್ಯವಸ್ಥೆ ಬಳಕೆಯಾಯಿತು. ಅಲ್ಲಿನ ಕನ್ನಡದ ಮಕ್ಕಳು ಐಟಿ ಪಾಠ ಓದುವುದು ಕನ್ನಡ ಪುಸ್ತಕದಲ್ಲಿ, ಪ್ರಯೋಗ ಮಾಡುವುದು ಲಿನಕ್ಸ್ ಯಂತ್ರದಲ್ಲಿ. ಕರ್ನಾಟಕದಲ್ಲೂ ಡಿಎಸ್‌ಇಆರ್‌ಟಿ ನಡೆಸಿದ ಶಿಕ್ಷಕರ ತರಬೇತಿಗಳಲ್ಲಿ ಉಬುಂಟು ಬಳಸಿದ್ದುಂಟು.

ಶಾಲೆಗೆ ಲಿನಕ್ಸ್ ಒಗ್ಗುವುದಕ್ಕೆ ಕಾರಣಗಳಿವೆ. ಹಣ ಕೊಡಬೇಕಿಲ್ಲ, ಹಾಗಾಗಿ ಕದ್ದ ಪ್ರತಿ ಹಾಕಿಸುವ ಪ್ರಮೇಯವಿಲ್ಲ. ಹಳೆಯ ಯಂತ್ರದಲ್ಲೂ ಹಗುರವಾಗಿ ನಡೆಯುವ ಬಗೆಗಳು ಸಿಗುತ್ತವೆ. ಪೆನ್‌ಡ್ರೈವ್‌ಗಳಲ್ಲಿ ಊರೂರು ಸುತ್ತುವ ‘ಶಾರ್ಟ್‌ಕಟ್ ವೈರಸ್’ ವಿಂಡೋಸ್‌ಗೆಂದು ಬರೆದದ್ದು, ಇಲ್ಲಿ ಅದರ ಆಟ ನಡೆಯದು. ವೈರಸ್ ಅಡಗಿಸಿಟ್ಟ ಕಡತಗಳು ಲಿನಕ್ಸ್ ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿದಾಗ ಹೆಚ್ಚಾಗಿ ಇದ್ದಲ್ಲೇ ಕಾಣಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಕೂಡ ನಡೆಯುವುದು ಲಿನಕ್ಸ್ ಮೇಲೆಯೇ. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ ಬೇರೆ ವ್ಯವಸ್ಥೆಗೆ ಜಾಗ ಸಿಕ್ಕಿಲ್ಲ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್.

ಹಾಗೆಂದು ಎಲ್ಲವೂ ಸಲೀಸಲ್ಲ. ಕೆಲವು ಪ್ರಿಂಟರುಗಳು, ಬೆರಳಚ್ಚು ಪಡೆಯುವ ಸಾಧನಗಳು ವಿಂಡೋಸನ್ನೇ ನೆಚ್ಚಿಕೊಂಡಿವೆ. ವಾಣಿಜ್ಯ ವಿದ್ಯಾರ್ಥಿಗೆ ಬೇಕಾದ ಟ್ಯಾಲಿ ಬರೆಯಲಾದದ್ದು ವಿಂಡೋಸ್‌ಗೆ. ಡಿಪ್ಲೊಮಾ ಹುಡುಗರ ಆಟೋಕ್ಯಾಡ್ ವಿಂಡೋಸ್, ಮ್ಯಾಕ್ ಎರಡರಲ್ಲಿದೆ, ಲಿನಕ್ಸ್‌ನಲ್ಲಿಲ್ಲ. ಯಂತ್ರ ಎಷ್ಟೇ ಗಟ್ಟಿಯಿರಲಿ, ಬೇಕಾದ ಕೆಲಸವೇ ಅದರಲ್ಲಿ ಆಗದಿದ್ದರೆ ಅದನ್ನು ನಂಬಿಕಸ್ಥ ಎನ್ನುವುದು ಹೇಗೆ?

ಕಲ್ಲಿನ ಅಕ್ಷರ, ಕಂಪ್ಯೂಟರಿನ ಅಕ್ಷರ

ಕನ್ನಡಿಗರಿಗೆ ವಿಶ್ವಾಸಾರ್ಹತೆಯ ಇನ್ನೊಂದು ಮುಖವಿದೆ. ಯಲಬುರ್ಗಾಕ್ಕೆ ಹತ್ತಿರದ ಇಟಗಿಯ ಮಹಾದೇವ ದೇವಾಲಯವನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ 1112ರ ಶಾಸನವನ್ನು ಬಲ್ಲವರು ಇಂದಿಗೂ ಓದುತ್ತಾರೆ. ಆದರೆ 20 ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಕನ್ನಡ ಪತ್ರ ಬೇರೆ ಯಂತ್ರದಲ್ಲಿ ತೆರೆದರೆ ಎಷ್ಟೋ ಸಲ ಅರ್ಥವಿಲ್ಲದ ಗೀಟು ಗುರುತುಗಳು ಕಾಣುತ್ತವೆ.

1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎರಡೂ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವು. ಎರಡೂ ವಿಂಡೋಸ್‌ಗಾಗಿ ಹುಟ್ಟಿದವು. ಅವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಇದಕ್ಕೆ ಪರಿಹಾರ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಅದನ್ನು ಬಳಕೆಗೆ ತಂದಿತು. ಇಂದು ವಿಂಡೋಸ್, ಲಿನಕ್ಸ್, ಮ್ಯಾಕ್, ಫೋನ್ ಎಲ್ಲದರಲ್ಲೂ ಯುನಿಕೋಡ್ ಕನ್ನಡ ಒಂದೇ ರೀತಿ ತೆರೆಯುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಆದ್ದರಿಂದ ಮಕ್ಕಳು ಪ್ರಬಂಧವನ್ನೋ ಅರ್ಜಿಯನ್ನೋ ಯಾವ ಯಂತ್ರದಲ್ಲೇ ಬರೆಯಲಿ, ಯುನಿಕೋಡ್‌ನಲ್ಲಿ ಬರೆಯಲಿ. ಯಂತ್ರ ಹೋದರೂ ಬರಹ ಉಳಿಯುತ್ತದೆ.

ದೊಡ್ಡವರೂ ಬಿದ್ದ ದಿನ

ಯಾವುದೂ ಬೀಳದು ಎಂಬ ಭ್ರಮೆ ಬೇಡ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಕಂಪನಿಗಳ ತಪಾಸಣೆಯ ಕೆಲಸ ಕೈಯಿಂದಲೇ ನಡೆಯಬೇಕಾಯಿತು. ತಪ್ಪು ಮೈಕ್ರೋಸಾಫ್ಟಿನದಲ್ಲ, ಹಿರಿಯನ ಕೋಣೆಯೊಳಗೆ ಕಾವಲಿಗೆ ಕೂರಿಸಿದ ಹೊರಗಿನವನದು.

ಇದನ್ನು ಕೇಳಿ ಅಪ್‌ಡೇಟ್‌ಗಳೇ ಬೇಡ ಎಂದುಕೊಂಡರೆ ಇನ್ನೊಂದು ಗುಂಡಿಗೆ ಬಿದ್ದಂತೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದಕ್ಕೆ ಮದ್ದಾಗುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಕಡೆ ಕದ್ದ ವಿಂಡೋಸ್ ಪ್ರತಿ ಹಾಕಿ, ಸಿಕ್ಕಿಬೀಳಬಾರದೆಂದು ಅಪ್‌ಡೇಟ್ ನಿಲ್ಲಿಸಿಡುವ ರೂಢಿ ಇದೆ. ಅದು ಬಾಗಿಲು ತೆರೆದಿಟ್ಟು ಮಲಗಿದಂತೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಮನೆಯಲ್ಲಿ ಹಳೆಯ ಯಂತ್ರವಿದ್ದವರಿಗೆ ಈ ಪ್ರಶ್ನೆ ಈಗ ತುರ್ತಿನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಲಾಯಿತು. ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳ ಬಹುಪಾಲು ಯಂತ್ರಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಪೀಳಿಗೆ ಕೇಳಿಕೊಳ್ಳಿ. ಅರ್ಹವಲ್ಲದ, ಆದರೆ ಗಟ್ಟಿಮುಟ್ಟಾದ ಯಂತ್ರವನ್ನು ಎಸೆಯಬೇಕಿಲ್ಲ. ಉಬುಂಟುವಿನ 24.04 ಆವೃತ್ತಿಗೆ 2029ರವರೆಗೆ ಉಚಿತ ಬೆಂಬಲವಿದೆ. ಓದು, ಬರಹ, ಪ್ರೋಗ್ರಾಮಿಂಗ್ ಕಲಿಕೆಗೆ ಅಷ್ಟು ಸಾಕು.

ಟ್ಯಾಲಿ, ಆಟೋಕ್ಯಾಡ್, ನುಡಿ ಬೇಕಾದವರಿಗೆ, ಕೆಟ್ಟರೆ ಊರಲ್ಲೇ ರಿಪೇರಿಯವನು ಸಿಗಬೇಕೆನ್ನುವವರಿಗೆ ಅಸಲಿ ವಿಂಡೋಸ್ ಇರುವ ಯಂತ್ರವೇ ಸರಿ. ಮ್ಯಾಕ್ ಸ್ಥಿರ, ನಿಜ. ಆದರೆ ಬೆಲೆ ದುಬಾರಿ, ಕೆಟ್ಟರೆ ದೊಡ್ಡ ಊರಿಗೇ ಹೊತ್ತೊಯ್ಯಬೇಕು. ನಂಬಿಕೆಯ ಲೆಕ್ಕದಲ್ಲಿ ಬಸ್ಸಿನ ಖರ್ಚೂ ಸೇರಬೇಕಲ್ಲವೇ?

ಯಾವುದನ್ನೇ ಕೊಂಡರೂ ಕೆಲವು ಅಭ್ಯಾಸಗಳು ಒಂದೇ. ಸಾಧ್ಯವಿದ್ದರೆ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಕೊಳ್ಳಿ. ಅದರ ಬ್ಯಾಟರಿಯೇ ಯುಪಿಎಸ್. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಬಳಸಬೇಡಿ. ಅಪ್‌ಡೇಟ್‌ಗಳನ್ನು ಪರೀಕ್ಷೆಯ ಹಿಂದಿನ ದಿನಕ್ಕೆ ಉಳಿಸದೆ ಬಿಡುವಿನ ವಾರದಲ್ಲಿ ಮುಗಿಸಿ, ಅವು ನಡೆಯುವಾಗ ಚಾರ್ಜರ್ ಹಚ್ಚಿರಲಿ. ವಿಂಡೋಸ್‌ನಲ್ಲಿ ‘ಷಟ್ ಡೌನ್’ ಮಾಡಿದರೂ, ಬೇಗ ಶುರುವಾಗಲೆಂದು, ಹಿರಿಯ ಪೂರ್ತಿ ಮಲಗುವುದಿಲ್ಲ. ಯಂತ್ರ ಮಂಕಾದಾಗ ‘ರಿಸ್ಟಾರ್ಟ್’ ಕೊಡಿ. ಬರೆಯುವಾಗ ಐದೈದು ನಿಮಿಷಕ್ಕೊಮ್ಮೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಮುಖ್ಯವಾಗಿ, ಬೇಕಾದ ಕಡತದ ಇನ್ನೊಂದು ಪ್ರತಿ ಬೇರೆಡೆ ಇರಲಿ. ಬೀಜದ ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿಡುವ ರೈತ ಯಾವ ಊರಲ್ಲಿದ್ದಾನೆ?

ಮೂರೂ ವ್ಯವಸ್ಥೆಗಳು ಬೀಳುತ್ತವೆ; 1998ಕ್ಕೆ ಹೋಲಿಸಿದರೆ ತೀರ ಕಡಿಮೆ ಅಷ್ಟೆ. ಬಿದ್ದಾಗ ನಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಪಾಲು ನಮ್ಮ ರೂಢಿ. ಅಂಗಡಿಯಲ್ಲಿ ಕರೆಂಟು ಬಂದಿದೆ. ಕಾಕಾ ಎದ್ದುನಿಂತು ಪರದೆಯತ್ತ ಬಗ್ಗಿದ್ದಾರೆ. ಪುಟ ಪುಟಕ್ಕೂ ಉಳಿಸುತ್ತ ಬಂದಿದ್ದ ಹುಡುಗ ತಿರುಗಿ ನೋಡುತ್ತಾನೆ.

“ಐತ್ರೀ ಕಾಕಾ. ಫೋಟೋ ಒಂದು ಮತ್ತ ಹಾಕಿದ್ರ ಆತು.”